ಬೋರಲು ಹಾಕಿದ ದಪ್ಪು

ಬೇವನಹಾಳ, ತಾ. ಜತ್ತ
ದಿ. ೨೧-೬-೧೯೯೮

ತಮ್ಮ ಅಪ್ಪಾಸಾಹೇಬನಿಗೆ ಗೌಸಕ್ಕನ ಸಲಾಂ.

ನಿನ್ನ ಕ್ಯಾಸೆಟ್ ಊರಿಗೆ ಬಂತು. ನೀನು ಬರಲಿಲ್ಲ. ಹಾಡಿನ ಹುಚ್ಚು ಹಿಡಿದು ಹೆಂಡತಿ ಮಗಳನ್ನು ಬಿಟ್ಟು ಹುಬ್ಬಳ್ಳಿಗೆ ಹೋದವನು ಮೂರು ವರ್ಷದಿಂದ ಒಂದು ಕಾರ್ಡು ಬರೆದಿಲ್ಲ. ಅಂಥವನ ದನಿ ಒಂದು ಮುಂಜಾನೆ ಊರೂರಿಗೆ ಪ್ಯಾಸೆಂಜರ್ ಹೊಡೆಯುವ ಮೊಸಿನನ ವಡಾಪ ಜೀಪಿನಿಂದ ಕೇಳಿಬಂತು. ನಾನು ರೊಟ್ಟಿಯ ಹಿಟ್ಟು ನಾದುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿದೆ. ನಮ್ಮ ಮನೆಯ ಪಡಸಾಲೆಯಲ್ಲಿ ಅಬ್ಬಾನ ಎದುರು ಕುಳಿತು ಪದ ಕಲಿತ ಹುಡುಗನ ದನಿ ನನಗೆ ಗುರುತು ಸಿಗದೆ ಇರುತ್ತದೆಯೇ? ಸುಳ್ಳೇಕೆ ಹೇಳಲಿ, ಖುಷಿಯಿಂದ ಕಣ್ಣಲ್ಲಿ ನೀರು ಬಂತು. ಆಮೇಲೆ ಮಾತುಗಳು ಕಿವಿಗೆ ಬಿದ್ದವು.

ಮೊದಲನೆಯ ನುಡಿಯಲ್ಲಿ ಕುಪ್ಪಸದ ಗುಂಡಿ. ಎರಡನೆಯದರಲ್ಲಿ ಕುಪ್ಪಸವೂ ಇಲ್ಲ. ಮೂರನೆಯದನ್ನು ನಾನು ಬರೆಯುವುದಿಲ್ಲ, ಬರೆದರೆ ಕಾಗದಕ್ಕೇ ನಾಚಿಕೆಯಾದೀತು. ಕೊನೆಯ ನುಡಿಗೆ ಬಂದಾಗ ನಮ್ಮ ಮೇಳದ ಪದ್ಧತಿ ಮಾತ್ರ ಮರೆಯಲಿಲ್ಲ ನೀನು. ಊರಿನ ಹೆಸರು ಹಾಕಿದೆ, ಗುರುವಿನ ಹೆಸರು ಹಾಕಿದೆ. ಬೇವನಹಾಳದ ನಿಜಾಮುದ್ದೀನ ಉಸ್ತಾದರ ಶಿಷ್ಯ ಹೇಳಿದ ಪದ ಇದು ಎಂದು ಜೋರಾಗಿ ಸಾರಿದೆ. ಅಬ್ಬಾ ಹೋದ ಮೇಲೆ ಅವರ ಹೆಸರನ್ನು ಊರೆಲ್ಲ ಕೇಳುವಂತೆ ಯಾರೋ ಹೇಳಿದ್ದು ಇದೇ ಮೊದಲು. ಅದೂ ಇಂಥದರ ಕೆಳಗೆ.

ಊರಿಗೆ ಊರೇ ಬೀಗುತ್ತಿದೆ. 'ನಮ್ಮೂರ ಹೆಸರ ಕ್ಯಾಸೆಟ್ಟಿನ್ಯಾಗ ಬಂದೈತ್ರಿ ಬಾಯಾರ! ವಳಸಂಗದವರಿಗಿ ಐತೇನು? ಯಳವಿಯವರಿಗಿ ಐತೇನು?' ಎಂದು ಮೊಸಿನ ನನ್ನನ್ನೇ ಕೇಳುತ್ತಾನೆ. ಹೊಲಸು ಎಂದರೆ ಮುಖ ಊದಿಸಿಕೊಳ್ಳುತ್ತಾನೆ, ನಾನು ಊರನ್ನೇ ಬೈದಂತೆ.

ಈ ವರ್ಷ ಶಾಲೆಯಲ್ಲಿ ನನ್ನ ಪಾಲಿಗೆ ಒಂದನೆಯ ಇಯತ್ತೆ ಬಂದಿದೆ. ಪ್ರಾರ್ಥನೆ ಮುಗಿದು ಮಕ್ಕಳು ವರ್ಗಕ್ಕೆ ಬರುವಷ್ಟರಲ್ಲಿ ಅವರ ಬಾಯಲ್ಲಿ ನಿನ್ನ ಪದ ಇರುತ್ತದೆ. ಒಬ್ಬ ಹುಡುಗಿ ಇದ್ದಾಳೆ, ಆರು ವರ್ಷದವಳು. ಒಮ್ಮೆ ಕೇಳಿದರೆ ಸಾಕು, ರಾಗ ಅವಳ ಗಂಟಲಲ್ಲಿ ಕೂತುಬಿಡುತ್ತದೆ. ಮೀಸೆ ಹೊತ್ತ ಗಂಡಸರು ಅವಳನ್ನು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ನಿಲ್ಲಿಸಿ ಈ ಹಾಡು ಹಾಡಿಸುತ್ತಾರೆ. ಮುಗಿದ ಮೇಲೆ ಪೆಪ್ಪರಮೆಂಟು ಕೊಡುತ್ತಾರೆ. ನಿನ್ನೆ ಆ ಮಗು ನನ್ನ ಹತ್ತಿರ ಬಂದು, 'ಬಾಯಾರ, ದೇವರ ಹಾಡ ಹಾಡಿದ್ರ ಯಾರೂ ನಗೂದಿಲ್ಲ. ಇದನ್ನ ಹಾಡಿದ್ರ ಎಲ್ಲಾರೂ ಯಾಕ ನಗತಾರ್ರಿ?' ಎಂದು ಕೇಳಿತು. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಅಪ್ಪಾಸಾಹೇಬ. ಆ ಮಗುವನ್ನು ಸ್ಲೇಟಿನ ಮೇಲೆ ಬರೆಯಲು ಹಚ್ಚಿ ಮುಖ ತಿರುಗಿಸಿಕೊಂಡೆ.

ಅಬ್ಬಾನ ಹೆಸರು ತೆಗೆಸು. ಆ ಪದ ಮಕ್ಕಳ ಕಿವಿಗೆ ಬೀಳದಂತೆ ಏನು ಮಾಡಬೇಕೋ ಮಾಡು. ನಿನ್ನ ಕಂಪನಿಯ ವಿಳಾಸ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಸಿಕ್ಕಿತು, ಆದ್ದರಿಂದ ಪತ್ರ ಮುಟ್ಟಲಿಲ್ಲ ಎಂದು ಹೇಳಬೇಡ.

ನಿನ್ನ ಅಕ್ಕ
ಗೌಸಬಿ


ಹುಬ್ಬಳ್ಳಿ
ದಿ. ೧೨-೭-೧೯೯೮

ಗೌಸಕ್ಕನಿಗೆ ಅಪ್ಪಾಸಾಹೇಬನ ಶರಣು.

ಅಕ್ಕನ ಅಕ್ಷರ ನೋಡಿ ಹಿಗ್ಗಿ ಲಕೋಟೆ ಒಡೆದರೆ ಒಳಗೆ ಛಡಿ ಇತ್ತು. ಇರಲಿ, ನಿನ್ನ ಛಡಿಯ ರುಚಿ ನನಗೆ ಹೊಸದಲ್ಲ.

ಉಸ್ತಾದರ ಹೆಸರು ತೆಗೆಯುವುದಿಲ್ಲ. ಬೇಕಾದರೆ ಸಿಟ್ಟು ಮಾಡಿಕೋ. ಗುರುವಿನ ಹೆಸರಿಲ್ಲದೆ ಪದ ಮುಗಿಸಬಾರದು ಎಂದು ನನ್ನ ತೊಡೆ ಚಿವುಟಿ ಕಲಿಸಿದವರು ಅವರೇ. ರೆಕಾರ್ಡಿಂಗ್ ದಿನ ಕಂಪನಿಯ ಸಾಹುಕಾರ, 'ಆ ಮುದುಕನ ಹೆಸರ ಯಾರಿಗಿ ಬೇಕಲೇ, ಸುಮ್ನ ಟೇಪ್ ಹಾಳು' ಎಂದ. ನಾನು ಜಗಳವಾಡಿ ಹಾಕಿಸಿದೆ. ಆ ಹೆಸರು ಇರದಿದ್ದರೆ ಹಾಡುವುದಿಲ್ಲ ಎಂದು ಎದ್ದು ನಿಂತೆ. ನನ್ನ ನಿಯತ್ತನ್ನು ನೀನು ಅಪರಾಧ ಮಾಡಿಬಿಟ್ಟೆಯಲ್ಲ, ಅಕ್ಕಾ!

ಇನ್ನೊಂದು ಮಾತು ಕೇಳುತ್ತೇನೆ. ಉಸ್ತಾದರು ಇಂಥ ಪದ ಹೇಳಲೇ ಇಲ್ಲವೇ? ಸುಗ್ಗಿ ಮುಗಿದ ಮೇಲೆ ಚಾವಡಿಯ ಮುಂದೆ ಗಂಡು-ಹೆಣ್ಣಿನ ಸವಾಲ್-ಜವಾಬು ನಡೆದಾಗ ಅವರ ಬಾಯಿಂದ ಏನೇನು ಬಂತೆಂದು ನಾನು ಬರೆಯಲೇ? ತಾಳ ಹಾಕುವ ಲಗಮಣ್ಣ ಕಾಕಾ ನಕ್ಕು ನಕ್ಕು ತಾಳ ತಪ್ಪಿಸುತ್ತಿದ್ದ. ಅವರು ಹೇಳಿದರೆ ಕಲೆ, ನಾನು ಹೇಳಿದರೆ ಹೊಲಸು. ಇದು ಯಾವ ಊರಿನ ನ್ಯಾಯ?

ಮೊದಲು ನಾನು ಶರಣರ ಪದ, ಕರ್ಬಲಾದ ಪದ ಹಿಡಿದುಕೊಂಡೇ ಇಲ್ಲಿಯ ಕಂಪನಿಗಳ ಬಾಗಿಲು ಬಡಿದೆ. ಒಬ್ಬನೂ ಕುಳಿತುಕೋ ಎನ್ನಲಿಲ್ಲ. ಈ ಪದ ಹೇಳಿದ ದಿನ ಕುರ್ಚಿ ಹಾಕಿದರು. ಮದುವೆಯಲ್ಲಿ ಜನ ಕುಣಿಯುತ್ತಾರೆ, ಲಾರಿಯವರು ದಾರಿ ಸವೆಸುತ್ತಾರೆ. ಶಾಲೆಯ ಒಳಗೆ ಕುಳಿತು ಅವರೆಲ್ಲರಿಗೂ ಪಾಠ ಹೇಳಬೇಡ.

ಆದರೆ ನಿನ್ನ ಪತ್ರದಲ್ಲಿ ಆ ಹುಡುಗಿಯ ಸುದ್ದಿ ಓದಿ ನಿಜಕ್ಕೂ ಖುಷಿಯಾಯಿತು. ಒಮ್ಮೆ ಕೇಳಿದ ರಾಗ ಗಂಟಲಲ್ಲಿ ಕೂರುತ್ತದೆ ಎಂದರೆ ಅವಳು ಹುಟ್ಟಾ ಹಾಡುಗಾರ್ತಿ. ನನ್ನ ಕಡೆಯಿಂದಲೂ ಒಂದು ಪೆಪ್ಪರಮೆಂಟು ಕೊಡು. ತಮಾಷೆ ಅಲ್ಲ, ಈ ಕ್ಯಾಸೆಟ್ಟಿನ ಎರಡನೆಯ ಭಾಗ ತಯಾರಾಗುತ್ತಿದೆ. ಪಲ್ಲವಿಗೆ ಸಣ್ಣ ಮಗುವಿನ ದನಿ ಇದ್ದರೆ ಭಾರಿ ಓಡುತ್ತದೆ ಎಂದು ಸಾಹುಕಾರ ಹೇಳುತ್ತಾನೆ. ಅವಳ ಅಪ್ಪ ಯಾರು? ಅವನನ್ನು ಕೇಳಿ ನೋಡು. ಮಗಳ ಹೆಸರು ಕ್ಯಾಸೆಟ್ಟಿನ ಮೇಲೆ ಬರುತ್ತದೆ ಎಂದರೆ ಯಾವ ಅಪ್ಪ ಒಲ್ಲೆ ಎಂದಾನು?

ನಮ್ಮ ಭೌರವ್ವ ಹೇಗಿದ್ದಾಳೆ? ಇನ್ನೂ ದಾಕ್ಷಾಯಣಿಯ ಸೆರಗು ಹಿಡಿದೇ ತಿರುಗುತ್ತಾಳೆಯೇ? ನಾನು ಹೊರಟ ದಿನ ಅವಳಿಗೆ ತನ್ನ ಹೆಸರು ಹೇಳಲೂ ಬರುತ್ತಿರಲಿಲ್ಲ, 'ಭೌಲವ್ವ' ಎನ್ನುತ್ತಿದ್ದಳು. ಇಲ್ಲಿಯ ಪೇಟೆಯಲ್ಲಿ ಒಂದು ಹಳದಿ ಫ್ರಾಕು ತೆಗೆದಿಟ್ಟಿದ್ದೇನೆ, ಬರುವಾಗ ತರುತ್ತೇನೆ.

ನಿನ್ನ ತಮ್ಮ
ಅಪ್ಪಾಸಾಹೇಬ


ಬೇವನಹಾಳ
ದಿ. ೨೬-೭-೧೯೯೮

ಅಪ್ಪಾಸಾಹೇಬ,

ಅವಳ ಅಪ್ಪನನ್ನು ಕೇಳಿ ನೋಡು ಎಂದು ಬರೆದೆ. ಕೇಳುತ್ತಿದ್ದೇನೆ. ಅವಳ ಅಪ್ಪ ನೀನು.

ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ನಿಂತು ಹಾಡುವ ಹುಡುಗಿ ನಿನ್ನ ಭೌರಿ. ನಿನ್ನ ಲೆಕ್ಕದಲ್ಲಿ ಅವಳು ಇನ್ನೂ ಸೆರಗು ಹಿಡಿದೇ ನಿಂತಿದ್ದಾಳೆ. ಇಲ್ಲಿ ಅವಳು ಬೆಳೆಯುತ್ತಿದ್ದಾಳೆ, ಸ್ಲೇಟು ಹಿಡಿದು ಶಾಲೆಗೆ ಬರುತ್ತಾಳೆ, 'ರ' ಅಕ್ಷರವನ್ನು ನನಗಿಂತ ಗಟ್ಟಿಯಾಗಿ ಹೇಳುತ್ತಾಳೆ. ನೀನು ಆ ಲೆಕ್ಕಕ್ಕೆ ತೆಗೆದಿಟ್ಟ ಫ್ರಾಕು ಅವಳ ತಲೆಯಿಂದ ಕೆಳಗೂ ಇಳಿಯಲಿಕ್ಕಿಲ್ಲ. 'ಅಪ್ಪಾಸಾಹೇಬನ ಮಗಳ, ನಿಮ್ಮಪ್ಪನ ಹಾಡ ಹಾಡ' ಎಂದು ಗಂಡಸರು ಕರೆದರೆ ಓಡಿಹೋಗುತ್ತಾಳೆ. ಅಪ್ಪನ ಹಾಡು ಎಂದು ಹಾಡುತ್ತಾಳೆ. ಅವರು ನಗುವುದನ್ನು ನೋಡಿ ತಾನೂ ನಗುತ್ತಾಳೆ.

ಮೊದಲೇ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀಯ. ನಿನ್ನ ಮಗಳು ಎಂದಿದ್ದರೆ ನೀನು ಅಪ್ಪನಾಗಿ ಓದುತ್ತಿದ್ದೆ. ಹಾಡಿದವನಾಗಿ ಓದಲಿ, ಯಾರದೋ ಮಗು ಎಂದು ತಿಳಿದು ಏನು ಹೇಳುತ್ತಾನೋ ನೋಡೋಣ ಎಂದುಕೊಂಡೆ. ನೋಡಿದೆ. ಪೆಪ್ಪರಮೆಂಟು ಕೊಡು ಎಂದೆ.

ಈಗ ಅಬ್ಬಾನ ಮಾತು. ಹೌದು, ಅಂಥ ಪದ ಹೇಳುತ್ತಿದ್ದರು. ನಾನು ಅವರ ಮಗಳು, ನನ್ನಿಂದ ಮುಚ್ಚಿಡುವುದೇನಿದೆ? ಅಂಥ ಪದ ಹೇಳಲೇಬಾರದು ಎಂದು ನಾನೆಲ್ಲಿ ಬರೆದೆ? ಗಂಡು ಹೆಣ್ಣು ಇರುವತನಕ ಅವೂ ಇರುತ್ತವೆ. ನೀನು ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದೀಯ, ಉಳಿದರ್ಧ ನಾನು ಹೇಳುತ್ತೇನೆ. ದೇವರ ಪದ, ಕರ್ಬಲಾದ ಪದ, ಒಗಟಿನ ಪದ ಎಲ್ಲ ಮುಗಿದ ಮೇಲೆ ಅಬ್ಬಾ ಕೈಯಲ್ಲಿ ಬಾರಿಸುತ್ತಿದ್ದ ದಪ್ಪನ್ನು ನೆಲಕ್ಕಿಳಿಸಿ, ಚರ್ಮ ಕೆಳಗಾಗುವಂತೆ ಬೋರಲು ಹಾಕುತ್ತಿದ್ದರು. ಬಾಯಿಂದ ಒಂದು ಮಾತಿಲ್ಲ. ತಾಯಂದಿರು ತಾವೇ ಎದ್ದು ಮಕ್ಕಳನ್ನು ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಕೊನೆಯ ಮಗು ಚಾವಡಿ ದಾಟುವತನಕ ಆ ದಪ್ಪು ಮೇಲೇಳುತ್ತಿರಲಿಲ್ಲ. ಒಮ್ಮೆ ಜತ್ತದಿಂದ ದೊಡ್ಡ ಅಧಿಕಾರಿಯೊಬ್ಬರು ಪದ ಕೇಳಲು ಬಂದಿದ್ದರು, ತೊಡೆಯ ಮೇಲೆ ಸಣ್ಣ ಮಗ. 'ಹಾಡ್ರಿ ಉಸ್ತಾದ, ಹುಡುಗ ಮಲಗ್ಯಾನ' ಎಂದರು. ಅಬ್ಬಾ, 'ಕಿವಿ ಮಲಗೂದಿಲ್ರಿ ಸಾಹೇಬರ' ಎಂದು ಕೈಕಟ್ಟಿ ಕುಳಿತರು. ಸಾಹೇಬರೇ ಮಗನನ್ನು ಹೆಗಲಿಗೆ ಹಾಕಿಕೊಂಡು ಎದ್ದು ಹೋಗಬೇಕಾಯಿತು. ನೀನೂ ಒಮ್ಮೆ ಬೇವಿನ ಮರದ ಹಿಂದೆ ಅಡಗಿ ಕುಳಿತಿದ್ದೆ. ಕಿವಿ ಹಿಡಿದು ಎಳೆದುಕೊಂಡು ಹೋದವಳು ನಾನು.

ನಿನ್ನ ಕ್ಯಾಸೆಟ್ಟಿಗೆ ಬೋರಲು ಹಾಕುವ ದಪ್ಪು ಎಲ್ಲಿದೆ? ಅದು ಯಾರನ್ನು ಕೇಳಿ ಶುರುವಾಗುತ್ತದೆ? ನೀನು ಅಬ್ಬಾನ ಪದ ತೆಗೆದುಕೊಂಡೆ, ಅಬ್ಬಾನ ಹೆಸರು ತೆಗೆದುಕೊಂಡೆ, ಕಾವಲು ಮಾತ್ರ ಇಲ್ಲೇ ಬಿಟ್ಟು ಹೋದೆ.

ನನ್ನ ಕೈಲಾದದ್ದು ನಾನು ಮಾಡುತ್ತಿದ್ದೇನೆ. ಮೊನ್ನೆ ಮೊಸಿನನ ಜೀಪಿನ ಮುಂದೆ ರಸ್ತೆಯ ಮೇಲೇ ಕುಳಿತುಬಿಟ್ಟೆ. 'ಏಳ್ರಿ ಬಾಯಾರ, ಪ್ಯಾಸೆಂಜರ್ ಅದಾರ' ಎಂದು ಗೋಗರೆದ. 'ಟೇಪ್ ಬಂದ್ ಮಾಡು, ಏಳತೀನಿ' ಎಂದೆ. ಈಗ ಶಾಲೆ ಬಂದಾಗ ಬಂದ್ ಮಾಡುತ್ತಾನೆ, ಬಾವಿ ದಾಟಿದ ಕೂಡಲೇ ಮೊದಲಿಗಿಂತ ಜೋರಾಗಿ ಹಚ್ಚುತ್ತಾನೆ. ನಡೆಯಲಿ, ನಾಳೆ ಬಾವಿಯ ಹತ್ತಿರ ಕುಳಿತರಾಯಿತು.

ಗೌಸಬಿ


ಬೇವನಹಾಳ
ದಿ. ೨೨-೧೧-೧೯೯೮

ಅಪ್ಪಾಸಾಹೇಬ,

ನಾಲ್ಕು ತಿಂಗಳಾಯಿತು, ನಿನ್ನಿಂದ ಒಂದಕ್ಷರ ಇಲ್ಲ. ಮನಸ್ಸಿಗೆ ನಾಟಿರಬೇಕು, ಮಗಳನ್ನು ನೋಡಲು ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎಂದು ಎಸ್‌ಟಿ ಬಸ್ಸು ಬಂದಾಗಲೆಲ್ಲ ಕಿಟಕಿಯಿಂದ ನೋಡಿದೆ. ದೀಪಾವಳಿಯ ರಜೆಯೂ ಹೋಯಿತು. ನಾಟಿತೋ, ನನ್ನ ಪತ್ರ ಹರಿದು ಚುರುಮುರಿ ತಿಂದೆಯೋ, ತಿಳಿಯದು.

ಜನವರಿಯಲ್ಲಿ ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗ್ ಇದೆ. ಒಂದನೆಯ ಇಯತ್ತೆಯ ಹುಡುಗಿಯರು ನಿನ್ನ ಹಾಡಿಗೆ ಕುಣಿಯಬೇಕೆಂದು ಸರಪಂಚ ಶ್ರೀಶೈಲಪ್ಪನವರ ಹಟ. ನಡುವೆ ಭೌರಿ, ಏಕೆಂದರೆ ಹಾಡಿದವನ ಮಗಳು. ಹೆಡ್ ಮಾಸ್ತರರು ಸರಪಂಚರ ಮುಂದೆ ತಲೆಯಾಡಿಸಿ, ನನ್ನ ಮುಂದೆ ತಲೆ ಕೆರೆದುಕೊಳ್ಳುತ್ತಾರೆ. ಶ್ರೀಶೈಲಪ್ಪನವರು ತಾವೇ ನನ್ನ ವರ್ಗದ ಬಾಗಿಲಿಗೆ ಬಂದರು.

'ಬಾಯಾರ, ಊರ ಹೆಸರ ಬಂದ ಹಾಡಿಗಿ ಊರ ಹುಡುಗ್ರು ಕುಣೀದಿದ್ರ ಮತ್ತ್ಯಾರು ಕುಣೀಬೇಕ್ರಿ? ಟಿವ್ಯಾಗ ಬರೂದು ಇದಕ್ಕಿಂತ ಕಡಿಮಿ ಐತೇನು?'

'ಟಿವಿ ನನ್ನ ವರ್ಗದಾಗ ಇಲ್ರಿ. ಇದ್ದಿದ್ರ ಅದರ ಮುಂದನೂ ಅಡ್ಡ ನಿಂದರತಿದ್ದೆ. ಒಂದ ಕೆಲಸ ಮಾಡ್ರಿ, ಆ ಹಾಡಿನ ಮೂರನೇ ನುಡಿ ನನಗ ಓದಿ ಹೇಳ್ರಿ. ನೀವು ಓದಿದ್ರ ನಾ ಹುಡುಗ್ರಿಗಿ ಕಲಸತೀನಿ.'

ಅವರು ಕೆಮ್ಮಿದರು, ಟೊಪ್ಪಿಗೆ ಸರಿಮಾಡಿಕೊಂಡರು. 'ಅದನ್ನ ಹೆಣ್ಣಮಕ್ಕಳ ಮುಂದ ಹ್ಯಾಂಗ ಓದಾಕ ಬರತೈತ್ರಿ?'

'ನಾ ನಲವತ್ತ ದಾಟಿದಾಕಿ. ಅವು ಆರು ವರ್ಷದವು. ನನ್ನ ಮುಂದ ಓದಾಕ ನಾಚಿಕಿ ಆಗೂದು ಅವರ ಬಾಯಾಗ ಹ್ಯಾಂಗ ಇಡತೀರಿ?'

ಬೆಳುಂಕಿಗೆ ಶಿಕ್ಷಕರು ಬೇಕಾಗಿದ್ದಾರಂತೆ ಎಂದು ಗೋಡೆಗೆ ಹೇಳಿದಂತೆ ಹೇಳಿ ಹೋದರು. ನನ್ನ ಬದಲಿಯ ಮಾತು ಅದು. ಹೋಗುತ್ತೇನೆ, ಅಲ್ಲಿಯೂ ಮಕ್ಕಳಿಗೆ ಕಿವಿ ಇರುತ್ತದೆ.

ಇವರಿಗೆಲ್ಲ ಉತ್ತರ ಕೊಡಬಲ್ಲೆ. ದಾಕ್ಷಾಯಣಿಯ ಎದುರು ಮಾತ್ರ ನನಗೆ ಕಷ್ಟವಾಯಿತು. ಭೌರಿಗೆ ಕುಣಿಯಲೆಂದು ಜರಿ ಹಚ್ಚಿದ ಲಂಗ ಹೊಲಿದಿದ್ದಾಳೆ. ನಾನು ಬೇಡವೆಂದದ್ದು ತಿಳಿದು ನೆಟ್ಟಗೆ ಮನೆಗೆ ಬಂದಳು. 'ಗೌಸಕ್ಕಾ, ಮೂರು ವರ್ಷ ನನ್ನ ಗಂಡನ ಹೆಸರ ಊರಾಗ ಯಾರೂ ತಗೀಲಿಲ್ಲ. ತಗದ್ರೂ ಓಡಿ ಹ್ವಾದಾಂವ ಅಂತ ತಗದ್ರು. ಈಗ ಅಂವನ ಹೆಸರ ಹೇ‍ಳಿ ನನಗ ಕುಂದ್ರಾಕ ಚಾಪಿ ಹಾಸತಾರ. ನೀವ್ಯಾಕ ಅಡ್ಡ ಬರತೀರಿ?' ಎಂದು ಅತ್ತಳು. ನಾನು, 'ನಿನಗ ಚಾಪಿ ಹಾಸಲಿ ದಾಕ್ಷಾಯಣಿ, ಭೌರಿನ್ನ ಕಟ್ಟಿ ಮ್ಯಾಲಿಂದ ಇಳಸಲಿ' ಎಂದೆ. ಚಹಾ ಕುಡಿಯದೆ ಎದ್ದು ಹೋದಳು. ಅವಳ ಅಳುವಿನಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ನನಗೆ ಇನ್ನೂ ಸಿಟ್ಟು. ಅವಳ ಮೇಲಲ್ಲ, ನಿನ್ನ ಮೇಲೆ.

ಒಂದು ಸಾಲು ಬರೆ. ನನ್ನ ಪದಕ್ಕೆ ಮಕ್ಕಳನ್ನು ಕುಣಿಸಬೇಡಿ ಎಂದು ಶ್ರೀಶೈಲಪ್ಪನವರಿಗೆ ನೀನು ಬರೆದರೆ ಸಾಕು, ಎಲ್ಲ ಮುಗಿಯುತ್ತದೆ.

ಗೌಸಬಿ


ಹುಬ್ಬಳ್ಳಿ
ದಿ. ೧೦-೧೨-೧೯೯೮

ಅಕ್ಕಾ,

ಆ ಸಾಲು ಬರೆಯುವುದಿಲ್ಲ. ನನ್ನ ಪದವನ್ನು ನಾನೇ ಹೊಲಸು ಎಂದು ಸಹಿ ಮಾಡಿ ಕೊಡಬೇಕೇ? ಊರಿನಲ್ಲಿ ನಾನು ಓಡಿಹೋದವನು ಎನ್ನಿಸಿಕೊಂಡದ್ದು ಸಾಕು. ಪದದ ಮಾತು ನನ್ನದು, ದನಿ ನನ್ನದು. ಟೇಪು ಮಾತ್ರ ಕಂಪನಿಯದು, ಅದನ್ನು ತಡೆಯುವ ಹಕ್ಕು ನನಗಿಲ್ಲ. ನಿನ್ನ ಶಾಲೆ, ನಿನ್ನ ಮಕ್ಕಳು. ತಡೆಯುವ ತಾಕತ್ತಿದ್ದರೆ ತಡೆ. ನನ್ನ ಕೈಯಿಂದ ಕಲ್ಲು ಹೊಡೆಸಬೇಡ.

ಎರಡನೆಯ ಭಾಗದ ತಾಲೀಮು ನಡೆದಿದೆ, ಬರಲು ಬಿಡುವಿಲ್ಲ.

ಭೌರಿಗೆ ಒಂದು ಮಾತು ಹೇಳು. ಅದು ನಿನ್ನ ಅಪ್ಪನ ದನಿ ಅಲ್ಲ, ಅದೇ ಹೆಸರಿನ ಬೇರೆ ಯಾರೋ ಎಂದು ಹೇಳು.

ಅಪ್ಪಾಸಾಹೇಬ


ಬೇವನಹಾಳ
ದಿ. ೧೭-೧-೧೯೯೯

ಅಪ್ಪಾಸಾಹೇಬ,

ತಾಕತ್ತಿದ್ದರೆ ತಡೆ ಎಂದೆ. ತಡೆದೆ.

ಹೇಗೆಂದು ಕೇಳು. ಶುಕ್ರವಾರ ಬಿಸಿಲು ಇಳಿಯುವ ಹೊತ್ತಿಗೆ ಶಾಲೆಯ ಅಂಗಳದಲ್ಲಿ ಗ್ಯಾದರಿಂಗ್ ಶುರುವಾಯಿತು. ಮಂಟಪ, ಮೈಕು, ಕುರ್ಚಿಯ ಮೇಲೆ ಸರಪಂಚರು, ಪಕ್ಕದಲ್ಲಿ ಅವರ ತಾಯಿ ಇಂದ್ರಾಬಾಯಿ. ಮರಾಠಿ ನಾಟಕ ಆಯಿತು, ಕೋಲಾಟ ಆಯಿತು. ಈಗ ನಮ್ಮ ಊರಿನ ಹೆಸರು ಬೆಳಗಿಸಿದ ಹಾಡು ಎಂದು ಮೈಕಿನಲ್ಲಿ ಕೂಗಿದರು. ಮೊಸಿನ ಟೇಪಿನ ಗುಂಡಿಯ ಮೇಲೆ ಬೆರಳಿಟ್ಟು ಕುಳಿತ. ಜರಿ ಲಂಗ ಉಟ್ಟ ಭೌರಿ, ಅವಳ ಹಿಂದೆ ಉಳಿದ ಹುಡುಗಿಯರು ಸಾಲಾಗಿ ಬಂದರು.

ನಾನು ಅಬ್ಬಾನ ದಪ್ಪನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದೆ. ಅವರು ಹೋದಾಗಿನಿಂದ ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಮಂಟಪ ಹತ್ತಿ, ಹುಡುಗಿಯರ ಮುಂದೆ, ನಟ್ಟನಡುವೆ ಅದನ್ನು ಬೋರಲು ಹಾಕಿದೆ. ಹಾಕಿ ಪಕ್ಕದಲ್ಲಿ ನಿಂತೆ. ಅಬ್ಬಾನ ಹಾಗೆಯೇ ಬಾಯಿ ತೆರೆಯಲಿಲ್ಲ.

ಹರೆಯದ ಹುಡುಗರಿಗೆ ತಿಳಿಯಲಿಲ್ಲ, ಸಿಳ್ಳೆ ಹಾಕಿದರು. 'ಏನ ನಡಿಸೀರಿ ಬಾಯಾರ, ಇಳೀರಿ ಕೆಳಗ' ಎಂದು ಶ್ರೀಶೈಲಪ್ಪನವರು ಗದರಿಸಿದರು. ನಾನು ಕದಲಲಿಲ್ಲ. ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಲಗಮಣ್ಣ ಕಾಕಾನಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಪಕ್ಕದವರನ್ನು ಕೇಳಿದ, 'ಗೌಸಾ ಏನ ಇಟ್ಟಾಳ ಅಲ್ಲಿ?'

'ದಪ್ಪು ಐತಿ ಕಾಕಾ. ಬೋರಲ ಹಾಕ್ಯಾರ.'

ಆ ಮುದುಕ ಕೋಲೂರಿ ಎದ್ದು ನಿಂತ. 'ಉಸ್ತಾದನ ದಪ್ಪು ಬೋರಲ ಬಿದ್ದೈತ್ರಿ. ಹುಡುಗ್ರನ್ನ ಮನಿಗಿ ಕರಕೊಂಡ ನಡೀರಿ' ಎಂದು ಕೂಗಿದ. ಮೈಕು ಬೇಕಾಗಲಿಲ್ಲ ಅವನಿಗೆ.

ಮೊದಲು ಎದ್ದವರು ಇಂದ್ರಾಬಾಯಿ. ಮಂಟಪ ಹತ್ತಿ ತಮ್ಮ ಮರಿಮೊಮ್ಮಗಳ ಕೈ ಹಿಡಿದರು. 'ಅವ್ವಾ, ಕುಂದರ ಸುಮ್ನ' ಎಂದು ಸರಪಂಚರು ಹಲ್ಲು ಕಚ್ಚಿ ಹೇಳಿದರು. 'ನಿನ್ನೂ ಹಿಂಗ ಬಗಲಾಗ ಎತಗೊಂಡ ಹೋಗೀನಿ, ಮರತ್ಯೇನ?' ಎಂದು ಆಕೆ ತಿರುಗಿ ನಿಂತು ಕೇಳಿದರು. ಆಮೇಲೆ ಒಬ್ಬೊಬ್ಬರಾಗಿ ಮುದುಕಿಯರು, ಅವರನ್ನು ನೋಡಿ ಅತ್ತೆಯಂದಿರು, ಅತ್ತೆಯಂದಿರನ್ನು ನೋಡಿ ಸೊಸೆಯಂದಿರು ಎದ್ದರು. ಯಾರಿಗೂ ಭಾಷಣ ಬೇಕಾಗಲಿಲ್ಲ. ಅಂಗಳ ಮಕ್ಕಳಿಲ್ಲದೆ ಬರಿದಾಯಿತು. ಮಕ್ಕಳೆಲ್ಲ ಹೋದ ಮೇಲೆ ಹರೆಯದ ಹುಡುಗರು ಹಾಡು ಹಚ್ಚಿ ತಾವೇ ಕುಣಿದರು. ಕುಣಿಯಲಿ, ದೊಡ್ಡವರು. ನಾನು ದಪ್ಪು ಎತ್ತಿಕೊಂಡು ಬಂದೆ.

ಆದರೆ ಅದಕ್ಕೂ ಮೊದಲು ನಡೆದದ್ದೊಂದಿದೆ. ದಾಕ್ಷಾಯಣಿ ಮಾತ್ರ ಎದ್ದಿರಲಿಲ್ಲ. ಭೌರಿ ಒಬ್ಬಳೇ ಮಂಟಪದ ಮೇಲೆ ಉಳಿದಳು. ದಪ್ಪನ್ನು ನೋಡಿದಳು, ನನ್ನನ್ನು ನೋಡಿದಳು.

'ಬಾಯಾರ, ನಮ್ಮಪ್ಪನ ಹಾಡ ಹಚ್ಚಬೇಕಂದ್ರ ನಾ ಮನಿಗಿ ಹೋಗಬೇಕೇನ್ರಿ?'

'ಹೌದವ್ವಾ.'

'ನಮ್ಮಪ್ಪ ಊರಿಗಿ ಬಂದ್ರೂ ನಾ ಹೊರಗ ಹೋಗಬೇಕೇನ್ರಿ?'

ಆಗ ದಾಕ್ಷಾಯಣಿ ಎದ್ದಳು. ಮಗಳನ್ನು ಎತ್ತಿಕೊಂಡಳು, ಆ ವಯಸ್ಸಿನ ಮಗುವನ್ನು ಯಾರೂ ಎತ್ತುವುದಿಲ್ಲ. ನನ್ನ ಮುಖ ನೋಡದೆ ಹೋದಳು. ನಾನು ಇಡೀ ಊರನ್ನು ಎದುರಿಸಿ ನಿಂತವಳು, ಆ ಪ್ರಶ್ನೆಯ ಮುಂದೆ ನಿಲ್ಲಲಾಗಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಅದು ಅಪ್ಪನ ದನಿ ಅಲ್ಲ ಎಂದು ಹೇಳು ಎಂದು ಬರೆದಿದ್ದೆ. ಹೇಳಿಲ್ಲ, ಹೇಳುವುದೂ ಇಲ್ಲ. ಅಪ್ಪನದು ಎಂದು ಅವಳ ಹತ್ತಿರ ಇರುವುದು ಅದೊಂದೇ. ಅದನ್ನೂ ಕಿತ್ತುಕೊಳ್ಳಲು ನಾನು ಯಾರು? ಅವಳು ಪ್ರಶ್ನೆ ಕೇಳಿದ್ದು ನನ್ನನ್ನಾದರೂ ಅದು ನಿನ್ನದು. ಉತ್ತರ ನೀನೇ ಕೊಡು.

ಬೆಳುಂಕಿಗೆ ನನ್ನ ಬದಲಿ ಖಂಡಿತ ಎನ್ನುತ್ತಾರೆ. ಅಲ್ಲಿಯೂ ನಿನ್ನ ಕ್ಯಾಸೆಟ್ ಮುಟ್ಟಿದೆಯಂತೆ. ದಪ್ಪು ನನ್ನ ಜೊತೆ ಬರುತ್ತದೆ.

ಗೌಸಬಿ


ಹುಬ್ಬಳ್ಳಿ
ದಿ. ೨೮-೩-೧೯೯೯

ಗೌಸಕ್ಕಾ,

ತಪ್ಪಾಯಿತು ಎಂಬ ಮಾತು ಹುಡುಕುತ್ತಾ ಈ ಪತ್ರ ಓದಬೇಡ, ಸಿಗುವುದಿಲ್ಲ. ನಡೆದದ್ದಷ್ಟೇ ಬರೆಯುತ್ತೇನೆ.

ಎರಡನೆಯ ಭಾಗದ ರೆಕಾರ್ಡಿಂಗ್ ಹೋದ ವಾರ ಇತ್ತು. ಪಲ್ಲವಿಗೆ ಮಗುವಿನ ದನಿ ಬೇಕೆಂದಿದ್ದರಲ್ಲ, ಢೋಲಕಿ ಬಾರಿಸುವವನು ತನ್ನ ಮಗಳನ್ನೇ ಕರೆತಂದಿದ್ದ. ಕೆಂಪು ರಿಬ್ಬನ್ನು ಹಾಕಿ ಎರಡು ಜಡೆ ಹೆಣೆದಿದ್ದರು. ಪಲ್ಲವಿ ಬರೆದ ಹಾಳೆ ಹಿಡಿದು, ಅಕ್ಷರದ ಕೆಳಗೆ ಬೆರಳಿಟ್ಟು, ನಾನು ಬರೆದ ಮಾತನ್ನು ಒಂದೊಂದೇ ಕೂಡಿಸಿ ಓದುತ್ತಿದ್ದಳು. ಗಟ್ಟಿಯಾಗಿ, ಶಾಲೆಯಲ್ಲಿ ಓದುವ ಹಾಗೆ. ಓದಿ ಮುಗಿಸಿ, ಸರಿ ಇದೆಯೇ ಎಂದು ನನ್ನ ಮುಖ ನೋಡಿದಳು.

ಕೈಯಲ್ಲಿ ದಪ್ಪು ಇತ್ತು. ಬೋರಲು ಹಾಕಿದೆ.

ಈ ಊರಿನಲ್ಲಿ ಅದರ ಅರ್ಥ ಯಾರಿಗೆ ಗೊತ್ತು? ಚರ್ಮ ಕಾಯಿಸಬೇಕೇನೋ ಎಂದು ಒಬ್ಬ ಬೆಂಕಿಪೆಟ್ಟಿಗೆ ತಂದ. ಆಮೇಲೆ ಬಿಡಿಸಿ ಹೇಳಿದೆ. ಎಲ್ಲರೂ ನಕ್ಕರು. 'ದಪ್ಪು ಎತ್ತಲೇ' ಎಂದ ಸಾಹುಕಾರ. 'ಹುಡುಗಿ ಹೊರಗ ಹೋಗಲಿ, ಎತ್ತತೀನಿ' ಎಂದೆ. 'ಹುಡುಗಿ ದನಿಗೇ ಕ್ಯಾಸೆಟ್ ಹೊಂಟೈತಿ, ಆಕಿನ್ನ ಹ್ಯಾಂಗ ಹೊರಗ ಕಳಸೂದು?' ಎಂದ. 'ಹಂಗಾದ್ರ ಬೋರಲನ ಇರಲಿ' ಎಂದು ಅದರ ಪಕ್ಕದಲ್ಲೇ ಕುಳಿತೆ. ಢೋಲಕಿಯವನು ಮಗಳ ಮುಂದೆಯೇ ನನ್ನನ್ನು ಬೈದ. ಅವನ ಬೈಗುಳವೂ ಆ ಮಗು ಕೇಳುವಂಥದಾಗಿರಲಿಲ್ಲ.

ಮರುದಿನ ಬೇರೊಬ್ಬನನ್ನು ಕರೆಸಿ ಹಾಡಿಸಿದರು. ಮಗುವಿನ ದನಿಯೂ ಇದೆ ಅದರಲ್ಲಿ. ನಿನ್ನ ಹಾಗೆ ಗೆಲ್ಲಲು ನನಗೆ ಲಗಮಣ್ಣ ಕಾಕಾನೂ ಇರಲಿಲ್ಲ, ಇಂದ್ರಾಬಾಯಿಯೂ ಇರಲಿಲ್ಲ. ಆ ಕ್ಯಾಸೆಟ್ ನಾಳೆ ಮೊಸಿನನ ಜೀಪಿಗೂ ಬರುತ್ತದೆ. ಕೊನೆಯ ನುಡಿಯಲ್ಲಿ ಬೇವನಹಾಳದ ಹೆಸರಿಲ್ಲ, ಉಸ್ತಾದರ ಹೆಸರಿಲ್ಲ. ಈ ಸಲ ಊರಿನವರು ಏನು ಹೇಳಿ ಬೀಗುತ್ತಾರೋ ನೋಡುತ್ತೇನೆ.

ಕಂಪನಿಯ ಬಾಗಿಲು ನನಗೆ ಮುಚ್ಚಿತು. ಮೊಹರಂಗೆ ಊರಿಗೆ ಬರುತ್ತೇನೆ. ಶ್ರೀಶೈಲಪ್ಪನವರು ಹಾರ ತಂದರೆ ಬೇಡ ಎನ್ನು, ಕರ್ಬಲಾದ ಪದ ಹೇಳಲು ಜಾಗ ಕೊಟ್ಟರೆ ಸಾಕು. ಮುಂದೆ ಸುಗ್ಗಿಯಲ್ಲಿ ಜನ ಕೇಳಿದರೆ ನನ್ನ ಆ ಪದವನ್ನೂ ಹೇಳುತ್ತೇನೆ, ದಪ್ಪು ಬೋರಲು ಹಾಕಿ, ಮಕ್ಕಳನ್ನು ಕಳುಹಿಸಿ. ಅದು ನನ್ನ ಪದ, ಅದನ್ನು ಬೀದಿಗೆ ಬಿಟ್ಟು ಓಡಿಬರುವುದಿಲ್ಲ. ನೀನು ಬೆಳುಂಕಿಗೆ ಹೋಗುವುದಾದರೆ ಹೋಗು, ದಪ್ಪು ಮಾತ್ರ ಮೊಹರಂ ಮುಗಿಯುವತನಕ ಬೇವನಹಾಳದಲ್ಲಿ ಇರಲಿ. ದಾಕ್ಷಾಯಣಿಗೆ ನಾನೇ ಬಂದು ಮುಖ ತೋರಿಸುತ್ತೇನೆ, ಅವಳು ಬಾಗಿಲು ತೆಗೆದರೆ. ಹಳದಿ ಫ್ರಾಕು ಇನ್ನೂ ಟ್ರಂಕಿನಲ್ಲೇ ಇದೆ. ಅದನ್ನು ತರುವುದಿಲ್ಲ, ಭೌರಿಯ ಅಳತೆ ಬರೆದು ಕಳಿಸು.

ಅವಳ ಪ್ರಶ್ನೆಗೆ ಉತ್ತರ ಕೆಳಗಿದೆ. ನೀನು ಓದಿ ಹೇಳಬೇಡ. ಅವಳೇ ಓದಲಿ, ತಡವಾದರೂ ಅಡ್ಡಿಯಿಲ್ಲ.

ಭೌರವ್ವಾ, ನಿಮ್ಮಪ್ಪ ಬಂದ ದಿನ ನೀ ಎಲ್ಲಿಗೂ ಹೋಗಬ್ಯಾಡ. ಎಲ್ಲಾರಕಿಂತ ಮುಂದ ಕುಂದರು. ದಪ್ಪು ನಿನ್ನ ತೊಡಿ ಮ್ಯಾಲ ಇಟಗೋ. ನೀ ಕೇಳಬಾರದ್ದು ನನ್ನ ಬಾಯಾಗ ಬಂತು ಅಂದ್ರ ಅದನ್ನ ಬೋರಲ ಹಾಕು. ನೀ ಹೋಗಬ್ಯಾಡ, ನಾ ಎದ್ದು ಹೊರಗ ಹೋಗತೀನಿ.

ಅಪ್ಪಾಸಾಹೇಬ